ಇಬ್ಬರೂ ದುಡಿಯುವ ಮನೆ: ದಾವಣಗೆರೆ–ಚಿತ್ರದುರ್ಗದ ದಂಪತಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ದಾವಣಗೆರೆಯ ಬ್ಯಾಂಕೊಂದರಲ್ಲಿ ಅಧಿಕಾರಿ. ನನ್ನ ಯಜಮಾನರು ಚಿತ್ರದುರ್ಗದಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕರು. ಮದುವೆಯಾಗಿ ಹನ್ನೊಂದು ವರ್ಷ, ಒಬ್ಬ ಮಗ, ನಡುವೆ ಅರವತ್ತು ಕಿಲೋಮೀಟರ್ ಹೆದ್ದಾರಿ. ನಮ್ಮ ಮನೆಯಲ್ಲಿ ನಡೆದ ದೊಡ್ಡ ಜಗಳಗಳನ್ನು ನೆನಪಿಸಿಕೊಂಡರೆ ಒಂದಕ್ಕೂ ದೊಡ್ಡ ಕಾರಣವಿರಲಿಲ್ಲ. ಸಿಲಿಂಡರ್ ಬುಕ್ ಮಾಡಿದ್ದೀರಿ ಎಂದುಕೊಂಡೆ, ಮಗನ ಶಾಲೆಯ ಸಭೆಗೆ ನೀನು ಹೋಗುತ್ತೀಯೆಂದುಕೊಂಡೆ, ನಲ್ಲಿ ನೀರು ಬರುವ ದಿನ ನೀವೇ ಏಳುತ್ತೀರೆಂದುಕೊಂಡೆ. ಎಲ್ಲವೂ 'ಎಂದುಕೊಂಡೆ'ಯಿಂದ ಹುಟ್ಟಿದವು. ಆದ್ದರಿಂದ ಈ ಬರಹದಲ್ಲಿ ಹೇಳುವ ಎಲ್ಲ ಹೆಜ್ಜೆಗಳ ಹಿಂದಿರುವುದು ಒಂದೇ ಕೆಲಸ: ಫೋನ್ ಬರುವ ಮೊದಲು, ಆದೇಶ ಕೈಗೆ ಸಿಗುವ ಮೊದಲು, ಜ್ವರ ಏರುವ ಮೊದಲು ಕುಳಿತು ತೀರ್ಮಾನಿಸಿ ಕಾಗದದ ಮೇಲೆ ಬರೆದಿಡುವುದು.

ಬೆಂಗಳೂರಿನ ದಂಪತಿಗಳಿಗಾಗಿ ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಹೊಂದುತ್ತವೆ. ಅಲ್ಲಿ ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗುತ್ತದೆ, ಮಗುವನ್ನು ಎತ್ತಿಕೊಳ್ಳುವ ಬಂಧುಗಳು ಸಿಗುವುದಿಲ್ಲ. ನಮ್ಮ ಕಡೆ ಇದು ತಿರುವುಮುರುವು. ಬಂಧುಗಳು ಒಂದು ಬಸ್ಸಿನ ದೂರದಲ್ಲಿದ್ದಾರೆ. ಇಬ್ಬರ ಓದಿಗೂ ತಕ್ಕ ಕೆಲಸ ಒಂದೇ ಊರಿನಲ್ಲಿ ಸಿಗುವುದು ಅಪರೂಪ.

ಹೆಜ್ಜೆ 1: ಒಂದು ವಾರದ ಲೆಕ್ಕ ಬರೆಯಿರಿ

ನೂರು ಪುಟದ ಒಂದು ಸಾದಾ ನೋಟ್‌ಬುಕ್ ತನ್ನಿ. ಸೋಮವಾರದಿಂದ ಭಾನುವಾರದವರೆಗೆ ಮನೆಯಲ್ಲಿ ನಡೆದ ಪ್ರತಿ ಕೆಲಸವನ್ನು ಬರೆಯಿರಿ. ಮಾಡಿದವರು ಯಾರು ಎನ್ನುವುದು ಒಂದು ಕಾಲಂ. ನೆನಪಿಟ್ಟವರು ಯಾರು ಎನ್ನುವುದು ಇನ್ನೊಂದು ಕಾಲಂ. ಈ ಎರಡನೆಯ ಕಾಲಂ ಇಲ್ಲದಿದ್ದರೆ ನೋಟ್‌ಬುಕ್ಕಿನ ದುಡ್ಡು ದಂಡ.

ನಮ್ಮ ಮೊದಲ ವಾರದ ಲೆಕ್ಕದಲ್ಲಿ ಯಜಮಾನರು 'ಮಾಡಿದ' ಕೆಲಸಗಳು ಹದಿನೇಳು. ಹೆಮ್ಮೆಯಿಂದ ಎಣಿಸಿದರು. ಆ ಹದಿನೇಳರಲ್ಲಿ ಹದಿನಾಲ್ಕನ್ನು ನಾನು ನೆನಪಿಸಿ ಮಾಡಿಸಿದ್ದೆ. ತರಕಾರಿ ತಂದದ್ದು ಅವರು. ಏನು ಮುಗಿದಿದೆ, ಎಷ್ಟು ಬೇಕು ಎಂದು ಬರೆದುಕೊಟ್ಟದ್ದು ನಾನು. ಲಸಿಕೆಗೆ ಮಗನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದದ್ದು ಅವರು. ತಾರೀಕು ನೋಡಿಕೊಂಡಿದ್ದು ನಾನು. ಕಾಲಂ ನೋಡಿದ ಮೇಲೆ ಅವರಿಗೆ ವಾದ ಮಾಡಲು ಹೆಚ್ಚೇನೂ ಉಳಿಯಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆಂದು ಬಂದಿದೆ. ಗಮನಿಸಿ, ಆ 88 ನಿಮಿಷ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಆ ಲೆಕ್ಕದೊಳಗೆ ಬಂದೇ ಇಲ್ಲ.

ಲೆಕ್ಕ ಮುಗಿದ ಮೇಲೆ ಕೆಲಸಗಳನ್ನು ತುಂಡು ತುಂಡಾಗಿ ಹಂಚಬೇಡಿ; ಇಲಾಖೆ ಹಂಚುವಂತೆ ಹಂಚಿ. ಅಡುಗೆ ಅನಿಲ, ನೀರು, ವಿದ್ಯುತ್ ಬಿಲ್ಲು, ರಿಪೇರಿ ಒಬ್ಬರಿಗೆ. ಶಾಲೆ, ಲಸಿಕೆ, ಬಟ್ಟೆ ಇನ್ನೊಬ್ಬರಿಗೆ. ಇಲಾಖೆ ಯಾರದೋ ನೆನಪಿನ ಹೊಣೆಯೂ ಅವರದೇ. ಇನ್ನೊಬ್ಬರು ಜ್ಞಾಪಿಸಕೂಡದು. ಮೊದಲ ತಿಂಗಳು ಸಿಲಿಂಡರ್ ಖಾಲಿಯಾಗಬಹುದು. ಆಗಲಿ. ನಮ್ಮ ಮನೆಯಲ್ಲಿ ಆದ ದಿನ ರಾತ್ರಿ ಮಂಡಕ್ಕಿ ಒಗ್ಗರಣೆಯನ್ನೂ ಮಾಡಿಕೊಳ್ಳಲಾಗದೆ ಹಸಿ ಮಂಡಕ್ಕಿಗೆ ಈರುಳ್ಳಿ, ಖಾರ ಕಲಸಿ ತಿಂದೆವು. ಆಮೇಲೆ ಮನೆಯಲ್ಲಿ ಸಿಲಿಂಡರ್ ತಪ್ಪಿಲ್ಲ.

ಹೆಜ್ಜೆ 2: ಯಾವ ಊರಿನಲ್ಲಿ ಮನೆ?

ಈ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಉಳಿದ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ.

ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿತ್ತು. ಈಗ ಜಿಲ್ಲೆ ಎರಡಾದರೂ ಸಾವಿರಾರು ಮನೆಗಳ ಬದುಕು ಎರಡೂ ಕಡೆ ಹರಡಿಕೊಂಡಿದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್ಸಿಗೆ ಒಂದು ಗಂಟೆ ಚಿಲ್ಲರೆ. ಮನೆಯಿಂದ ನಿಲ್ದಾಣ, ಕಾಯುವುದು, ಆ ತುದಿಯ ಆಟೊ ಎಲ್ಲ ಸೇರಿಸದೆಯೇ ಹೋಗಿಬರಲು ಎರಡೂವರೆ ಗಂಟೆ ಹಿಡಿಯಿರಿ. ತಿಂಗಳಿಗೆ 22 ಕೆಲಸದ ದಿನವೆಂದರೆ 55 ಗಂಟೆ. ಎರಡು ಹಗಲು ಎರಡು ರಾತ್ರಿಗಿಂತ ಹೆಚ್ಚು ಹೊತ್ತು ಬಸ್ಸಿನ ಸೀಟಿನಲ್ಲಿ. ರೈಲಿನ ಆಸೆ ಸದ್ಯಕ್ಕೆ ಬೇಡ: ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗಕ್ಕೆ ಹೋಗುವ ಕವಲಿನಲ್ಲಿ, ದಾವಣಗೆರೆ–ಚಿತ್ರದುರ್ಗ–ತುಮಕೂರು ನೇರ ಮಾರ್ಗದ ಮಾತು ನಾವು ಕೇಳುತ್ತಾ ಬಂದು ಎಷ್ಟೋ ವರ್ಷವಾಯಿತು. ಬಸ್ಸೇ ಗತಿ. ಹತ್ತುವ ಮೊದಲು ಊರೊಳಗೆ ಬರುತ್ತದೆಯೋ ಬೈಪಾಸ್‌ನಲ್ಲೇ ಇಳಿಸುತ್ತದೆಯೋ ಕೇಳಿಕೊಳ್ಳಿ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನಡುವೆ ಮನೆ ಮಾಡುವುದು. ನಾವೂ ಒಂದು ಭಾನುವಾರ ಭರಮಸಾಗರದಲ್ಲಿ ಬಾಡಿಗೆ ಮನೆ ನೋಡಿಕೊಂಡು ಬಂದೆವು. ಮನೆ ಚೆನ್ನಾಗಿತ್ತು, ಬಾಡಿಗೆಯೂ ಕಡಿಮೆ. ಆದರೆ ಅಲ್ಲಿದ್ದರೆ ಮಗು ಬಿದ್ದ ಹೊತ್ತಿಗೆ ಇಬ್ಬರೂ ಅರ್ಧ ದಾರಿ ದೂರ. ಸಮನಾದ ಹಂಚಿಕೆ ಎಂದು ಕಂಡದ್ದು ನಿಜಕ್ಕೂ ಇಬ್ಬರ ತೊಂದರೆಯನ್ನೂ ಸಮ ಮಾಡುವುದಷ್ಟೇ ಆಗಿತ್ತು. ನನ್ನ ಅನುಭವದಲ್ಲಿ ಹೊಂದುವ ಕ್ರಮ ಹೀಗೆ: ಮೊದಲು ಮಗುವಿನ ಶಾಲೆ ಅಥವಾ ನೋಡಿಕೊಳ್ಳುವವರ ಮನೆ ಯಾವ ಊರಿನಲ್ಲಿ ಎಂದು ನಿಶ್ಚಯಿಸಿ. ಆಮೇಲೆ ಸಂಜೆ ಬಿಡುವ ಹೊತ್ತು ಯಾರ ಕೈಯಲ್ಲಿಲ್ಲವೋ ಅವರ ಕೆಲಸಕ್ಕೆ ಹತ್ತಿರ ಮನೆ ಮಾಡಿ. ನನ್ನ ಶಾಖೆಯಲ್ಲಿ ನಗದು ತಾಳೆಯಾಗುವವರೆಗೆ ಎದ್ದು ಬರುವಂತಿಲ್ಲ. ಅವರ ಕಾಲೇಜಿನ ಕೊನೆಯ ತರಗತಿಗೆ ಗೊತ್ತಾದ ಹೊತ್ತಿದೆ. ಹಾಗಾಗಿ ಮನೆ ದಾವಣಗೆರೆಯಲ್ಲಿ, ಓಡಾಟ ಅವರದು.

ಇಲ್ಲಿ ಒಂದು ಎಚ್ಚರಿಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ತುಂಬಾ ಒಳ್ಳೆಯದು, ತಿಂಗಳಿಗೆ ಸಾವಿರಾರು ರೂಪಾಯಿ ಉಳಿಸಿಕೊಂಡವರನ್ನು ನಾನು ಬಲ್ಲೆ. ಆದರೆ ಕೆಲವು ಮನೆಗಳಲ್ಲಿ ಇದೇ ಮಾತು ಇನ್ನೊಂದು ರೀತಿ ಬಳಕೆಯಾಗುತ್ತದೆ. "ನಿನಗೆ ಹೇಗೂ ಬಸ್ ಪುಕ್ಕಟೆ, ನೀನೇ ಓಡಾಡು." ಪುಕ್ಕಟೆಯಾದದ್ದು ಟಿಕೆಟ್ಟು, ಆ 55 ಗಂಟೆಗಳಲ್ಲ.

ವರ್ಗಾವಣೆಯ ವಿಷಯ. ಇಬ್ಬರೂ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ, ಪತಿ-ಪತ್ನಿಯನ್ನು ಸಾಧ್ಯವಾದಷ್ಟು ಒಂದೇ ಸ್ಥಳದಲ್ಲಿ ನೇಮಿಸಬೇಕೆಂಬ 2009ರ ಸುತ್ತೋಲೆ ಇದೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಮಹಿಳಾ ನೌಕರರನ್ನು ಗಂಡನಿರುವ ಸ್ಥಳದ ಹತ್ತಿರ ಹಾಕುವಂತೆ 2014ರಲ್ಲಿ ಹಣಕಾಸು ಸಚಿವಾಲಯ ಸೂಚಿಸಿದೆ. ರಾಜ್ಯದ ಸರ್ಕಾರಿ ಶಿಕ್ಷಕರ ವರ್ಗಾವಣೆಯಲ್ಲಿ 'ಪತಿ-ಪತ್ನಿ ಪ್ರಕರಣ' ಎನ್ನುವ ಆದ್ಯತೆಯೇ ಇದೆ. ಇವೆಲ್ಲದರಲ್ಲೂ 'ಸಾಧ್ಯವಾದಷ್ಟು' ಎನ್ನುವ ಪದ ಎಲ್ಲೋ ಒಂದು ಕಡೆ ಕುಳಿತಿರುತ್ತದೆ. ಇದು ಕೋರಿಕೆಗೆ ಬಲ ಕೊಡುತ್ತದೆ, ಹಕ್ಕಾಗುವುದಿಲ್ಲ. ಆದ್ದರಿಂದ ಮದುವೆ ನೋಂದಣಿ ಪತ್ರ, ಸಂಗಾತಿಯ ಕಚೇರಿಯಿಂದ ಸೇವಾ ಪ್ರಮಾಣಪತ್ರ, ಮಗುವಿನ ಶಾಲೆಯ ದಾಖಲೆ ಒಂದು ಫೈಲಿನಲ್ಲಿ ಸಿದ್ಧವಿರಲಿ. ಅಧಿಸೂಚನೆ ಬಂದ ಮೇಲೆ ಪ್ರಮಾಣಪತ್ರಕ್ಕೆ ಅಲೆಯಲು ಶುರು ಮಾಡಿದರೆ ಕೊನೆಯ ದಿನಾಂಕ ದಾಟುತ್ತದೆ. ನಮಗೆ ಒಮ್ಮೆ ದಾಟಿದೆ. ಸಹಿ ಹಾಕಬೇಕಾದವರು ರಜೆಯಲ್ಲಿದ್ದರು.

ಬೆಂಗಳೂರಿನಲ್ಲಿ ಒಬ್ಬರು, ಇಲ್ಲಿ ಒಬ್ಬರು ಇರುವವರ ಕಥೆ ಬೇರೆ. 260 ಕಿಲೋಮೀಟರ್ ಆಚೆಗಿನ ವಾರಕ್ಕೊಮ್ಮೆಯ ಸಂಸಾರವದು. 2023ರಿಂದ ಓಡುತ್ತಿರುವ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಹಳೆಯ ರೈಲುಗಳೂ ಇವೆ, ಹೀಗಾಗಿ ಓಡಾಟ ಮೊದಲಿಗಿಂತ ಹಗುರ. ಆದರೂ ಪ್ರತಿ ವಾರ ಒಬ್ಬರೇ ಬರುವಂತಾದರೆ ಬಂದವರು ಅತಿಥಿಯಾಗುತ್ತಾರೆ. ಇದ್ದವರು ಭಾನುವಾರವೂ ಹೋಳಿಗೆ ಲಟ್ಟಿಸುತ್ತಾರೆ. ತಿಂಗಳಿಗೊಮ್ಮೆಯಾದರೂ ಇಲ್ಲಿರುವವರು ಅಲ್ಲಿಗೆ ಹೋಗಲಿ. ಮತ್ತು ಈ ಏರ್ಪಾಡಿಗೆ ಒಂದು ಕೊನೆಯ ತಾರೀಕು ಬರೆದಿಡಿ, ಎರಡು ವರ್ಷವೋ ಮೂರು ವರ್ಷವೋ. ತಾರೀಕಿಲ್ಲದ ಏರ್ಪಾಡು ನಿವೃತ್ತಿಯವರೆಗೆ ಎಳೆದುಕೊಂಡು ಹೋದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಮನೆಯಿಂದಲೇ ಕಂಪನಿ ಕೆಲಸ ಮಾಡುವವರು ಈಚೆಗೆ ನಮ್ಮೂರಲ್ಲಿ ಹೆಚ್ಚಾಗಿದ್ದಾರೆ. ಮನೆಯಲ್ಲಿರುವವರು ಬಿಡುವಾಗಿದ್ದಾರೆ ಎಂದು ಊರೆಲ್ಲ ನಂಬುತ್ತದೆ. ಕೊರಿಯರ್, ಪ್ಲಂಬರ್, ಪಕ್ಕದ ಮನೆಯ ಬೀಗದ ಕೈ ಎಲ್ಲವೂ ಅವರ ತಲೆಗೆ. ಬಾಗಿಲಿರುವ ಕೋಣೆ, ಯುಪಿಎಸ್, 'ಹತ್ತರಿಂದ ಒಂದರವರೆಗೆ ಕರೆಯಬೇಡಿ' ಎನ್ನುವ ನಿಯಮ. ಇಷ್ಟಿದ್ದರೆ ನಡೆಯುತ್ತದೆ.

ಹೆಜ್ಜೆ 3: ಬೆಳಗಿನ ಅಡುಗೆಯನ್ನು ಇಳಿಸಿ

ಯಜಮಾನರು ಚಿತ್ರದುರ್ಗದ ಕಡೆಯವರು, ಮುದ್ದೆ ಬೇಕು. ನಾನು ದಾವಣಗೆರೆ, ರೊಟ್ಟಿ ಬೇಕು. ಮದುವೆಯ ಮೊದಲ ವರ್ಷ ಎರಡನ್ನೂ ಮಾಡುತ್ತಿದ್ದೆ. ಈಗ ಬೆಳಿಗ್ಗೆ ಎರಡೂ ಇಲ್ಲ.

ನಮ್ಮೂರಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುವ ಹೆಂಗಸರು ಬೀದಿಗೊಬ್ಬರು ಸಿಗುತ್ತಾರೆ. ವಾರಕ್ಕೆ ಬೇಕಾದಷ್ಟು ಅವರಲ್ಲಿ ಕೊಂಡುಕೊಳ್ಳಿ. ಕಾಳು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಪಲ್ಯಕ್ಕೆ ಕಾಲು ಗಂಟೆ. ವಾರಕ್ಕೆ ಎರಡು ದಿನ ಬೆಳಗಿನ ತಿಂಡಿ ಹೊರಗಿನಿಂದ ಎಂದು ಅಪರಾಧ ಭಾವವಿಲ್ಲದೆ ಬರೆದುಕೊಳ್ಳಿ; ಬೆಣ್ಣೆದೋಸೆಯ ಊರಿನಲ್ಲಿದ್ದುಕೊಂಡು ಇದಕ್ಕೆ ಸಂಕೋಚವೇಕೆ?

ಮನೆಗೆಲಸಕ್ಕೆ ಬರುವವರ ಬಗ್ಗೆ ಒಂದು ಮಾತು. ನಾವಿಬ್ಬರೂ ಹೊರಗೆ ದುಡಿಯಲು ಸಾಧ್ಯವಾಗಿರುವುದು ಮೂರನೆಯ ಹೆಣ್ಣೊಬ್ಬಳು ನಮ್ಮ ಪಾತ್ರೆ ತೊಳೆಯುತ್ತಿರುವುದರಿಂದ. ಅವಳಿಗೂ ಮನೆಯಿದೆ, ಮಗುವಿದೆ, ಅವಳ ಗಂಡನೂ ದುಡಿಯುತ್ತಾನೆ. ಲೆಕ್ಕಕ್ಕೆ ಅದೂ ಇಬ್ಬರೂ ದುಡಿಯುವ ಮನೆಯೇ. ವಾರಕ್ಕೊಂದು ಸಂಬಳ ಸಹಿತ ರಜೆ, ಹಬ್ಬಕ್ಕೆ ಒಂದು ತಿಂಗಳ ಸಂಬಳ ಮೊದಲೇ ಮಾತಾಡಿಕೊಳ್ಳಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎನ್ನುವ ಮಾತನ್ನು ಜಾತ್ರೆಯಲ್ಲಿ ಕೇಳಿ ಕೈಮುಗಿದು ಬಂದು, ಮನೆಯಲ್ಲಿ ಎರಡು ದಿನದ ಗೈರಿಗೆ ಸಂಬಳ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೆಜ್ಜೆ 4: ಮಗು ಮತ್ತು ಮೂರನೆಯ ಹೆಸರು

ರಜೆಯ ನಿಯಮ ಮೊದಲು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದ ಹೆಂಗಸಿಗೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ಅದರಲ್ಲಿ ಗರಿಷ್ಠ ಎಂಟು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. 2017ರ ತಿದ್ದುಪಡಿಯಿಂದ ಹನ್ನೆರಡು ವಾರವಿದ್ದದ್ದು ಇಷ್ಟಾಯಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಬಹುದು. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಇಡೀ ಸೇವೆಯಲ್ಲಿ 180 ದಿನಗಳ ಶಿಶುಪಾಲನಾ ರಜೆಯೂ ಇದೆ. ಸರ್ಕಾರಿ ನೌಕರನಾದ ತಂದೆಗೆ 15 ದಿನ ಪಿತೃತ್ವ ರಜೆ. ಖಾಸಗಿಯಲ್ಲಿ ದುಡಿಯುವ ತಂದೆಗೆ ಅಂಥ ಕಾನೂನಿಲ್ಲ. ಕಂಪನಿಯ ನಿಯಮವನ್ನೇ ಕೇಳಬೇಕು, ಲಿಖಿತವಾಗಿ ಕೇಳಬೇಕು. ಆ ಹದಿನೈದು ದಿನವನ್ನು ತೊಟ್ಟಿಲ ಶಾಸ್ತ್ರದ ಓಡಾಟಕ್ಕೆ ಕಳೆಯಬೇಡಿ. ಹೆಂಡತಿ ಕೆಲಸಕ್ಕೆ ಮರಳುವ ವಾರಕ್ಕೆ ಗಂಡ ಗಳಿಕೆ ರಜೆಯನ್ನಾದರೂ ಉಳಿಸಿಕೊಂಡು ಮನೆಯಲ್ಲಿರಲಿ. ನನ್ನ ಇಡೀ ಬಾಣಂತನದಲ್ಲಿ ಅತಿ ಕಷ್ಟದ ವಾರ ಅದಾಗಿತ್ತು.

ಮಗುವನ್ನು ಬಿಡಲು ಜಾಗ ಹುಡುಕುವಾಗ ಗೋಡೆಯ ಮೇಲಿನ ಬಣ್ಣದ ಚಿತ್ರ ನೋಡಬೇಡಿ. ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ, ಮಕ್ಕಳು ಮಲಗಿ ಏಳುವ ಹೊತ್ತಿಗೆ. ಒಬ್ಬ ಆಯಾಗೆ ಎಷ್ಟು ಮಕ್ಕಳು, ಶೌಚಾಲಯ ಹೇಗಿದೆ, ಗೇಟಿಗೆ ಚಿಲಕವಿದೆಯೇ ನೋಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಕೇಂದ್ರಗಳು ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ತೆರೆದಿವೆ. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿಯಿದೆ, ಆದರೆ ಕಚೇರಿ ಮುಗಿಯುವವರೆಗೆ ಅದು ತೆರೆದಿರುವುದಿಲ್ಲ.

ಈಗ ಮೂರನೆಯ ಹೆಸರು. ಮಗ ಒಂದನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಬಿದ್ದು ಗಲ್ಲ ಒಡೆದುಕೊಂಡ. ಶಾಲೆಯವರು ನನಗೆ ಫೋನ್ ಮಾಡಿದಾಗ ನಾನು ಲೆಕ್ಕ ಪರಿಶೋಧಕರ ಎದುರು ಕುಳಿತಿದ್ದೆ, ಮೊಬೈಲ್ ಡ್ರಾಯರಿನಲ್ಲಿತ್ತು. ಯಜಮಾನರು ಪರೀಕ್ಷಾ ಕೊಠಡಿಯಲ್ಲಿದ್ದರು, ಮೊಬೈಲ್ ಹೊರಗೆ ಚೀಲದಲ್ಲಿತ್ತು. ನಲವತ್ತು ನಿಮಿಷ ಮಗು ರಕ್ತ ಒರೆಸಿಕೊಂಡು ಕಚೇರಿ ಬೆಂಚಿನ ಮೇಲೆ ಕುಳಿತಿತ್ತು. ಕೊನೆಗೆ ಶಾಲೆಯ ಆಟೊದವರು ಪಕ್ಕದ ಮನೆಯ ಅಜ್ಜಿಗೆ ಸುದ್ದಿ ಮುಟ್ಟಿಸಿದರು. ಅಜ್ಜಿ ಹೋದರೆ, ಪತ್ರವಿಲ್ಲದೆ ಮಗುವನ್ನು ಕಳಿಸುವುದಿಲ್ಲವೆಂದರು. ಅವರು ಹೇಳಿದ್ದು ಸರಿಯೇ. ಪತ್ರ ಕೊಡದೆ ಇದ್ದದ್ದು ನಾವು.

ಒನಕೆ ಓಬವ್ವನ ಕಥೆಯನ್ನು ನಾವು ಶೌರ್ಯಕ್ಕಾಗಿ ಹೇಳುತ್ತೇವೆ. ಕಾವಲಿನ ಮುದ್ದಹನುಮ ಊಟಕ್ಕೆ ಕುಳಿತಿದ್ದ, ನೀರಿಗೆ ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುವವರನ್ನು ಕಂಡು, ಗಂಡನನ್ನು ಊಟದಿಂದ ಎಬ್ಬಿಸಬಾರದೆಂದು ತಾನೇ ಒನಕೆ ಹಿಡಿದಳು. ಆ ದಿನದ ನಂತರ ನನಗೆ ಈ ಕಥೆಯಲ್ಲಿ ಬೇರೆಯೇ ಒಂದು ಕಾಣುತ್ತದೆ: ಕೋಟೆಯ ಕಿಂಡಿಗೆ ಬದಲಿ ಕಾವಲಿನವನೇ ಇರಲಿಲ್ಲ.

ನಿಮ್ಮ ಕಿಂಡಿಗೆ ಬದಲಿ ಕಾವಲು ಹೀಗಿರಲಿ. ಶಾಲೆಯಿಂದ ಹತ್ತು ನಿಮಿಷದೊಳಗೆ ತಲುಪಬಲ್ಲ, ಹಗಲು ಮನೆಯಲ್ಲಿರುವ ಒಬ್ಬರ ಹೆಸರು. ಅವರ ಫೋಟೊ, ಫೋನ್ ಸಂಖ್ಯೆ, ಇಬ್ಬರ ಸಹಿಯಿರುವ ಒಪ್ಪಿಗೆ ಪತ್ರ ಶಾಲೆಗೆ ಜೂನ್ ಮೊದಲ ವಾರವೇ ಕೊಡಿ. ಮಕ್ಕಳ ವೈದ್ಯರ ಸಂಖ್ಯೆ, ಮಗುವಿಗೆ ಆಗದ ಔಷಧಿಯ ಹೆಸರು, ಎರಡು ಸಾವಿರ ರೂಪಾಯಿ ಒಂದು ಲಕೋಟೆಯಲ್ಲಿ ಅವರ ಬಳಿ ಇರಲಿ. ಇಬ್ಬರ ಕಚೇರಿಯ ಸ್ಥಿರ ದೂರವಾಣಿಯೂ ಶಾಲೆಯಲ್ಲಿರಲಿ. ಮೊಬೈಲ್ ಡ್ರಾಯರಿನಲ್ಲಿದ್ದಾಗ ಅದೇ ಕೈಹಿಡಿಯುವುದು. ಜ್ವರದ ದಿನ ರಜೆ ಯಾರದು ಎನ್ನುವುದಕ್ಕೆ ನಮ್ಮ ನಿಯಮ ಸರಳ: ಸಮ ತಾರೀಕು ನನ್ನದು, ಬೆಸ ತಾರೀಕು ಅವರದು. ಪರೀಕ್ಷೆ, ಲೆಕ್ಕ ಪರಿಶೋಧನೆಯಂಥ ದಿನಗಳಿಗೆ ಮಾತ್ರ ಅದಲುಬದಲು.

ಹೆಜ್ಜೆ 5: ಅಜ್ಜ-ಅಜ್ಜಿಯರ ಜೊತೆ ಕರಾರು

ಕರಾರು ಎನ್ನುವ ಪದಕ್ಕೆ ಬೇಸರಪಡಬೇಡಿ. ಅತ್ತೆ ನಮ್ಮ ಮನೆಯಲ್ಲಿ ಮೂರು ವರ್ಷ ಮಗನನ್ನು ನೋಡಿಕೊಂಡರು. ಒಂದು ಭಾನುವಾರ ನಾವಿಬ್ಬರೂ ಕ್ಯಾಲೆಂಡರ್ ಮುಂದೆ ನಿಂತು ದಸರೆ ರಜೆ ಎಣಿಸುತ್ತಿದ್ದಾಗ ಕೇಳಿದರು: "ನಿಮ್ಮ ರಜೆ ಕೆಂಪಕ್ಷರದಲ್ಲಿದೆಯಮ್ಮ, ನನ್ನದು ಎಲ್ಲಿದೆ?" ನಾನು ತಲೆ ತಗ್ಗಿಸಿದೆ.

ಅಂದಿನಿಂದ ಅವರ ಭಾನುವಾರ ಪೂರ್ತಿ ಅವರದು. ತಿಂಗಳಿಗೊಮ್ಮೆ ಊರಿಗೆ. ಅವರ ಔಷಧಿ, ಆರೋಗ್ಯ ವಿಮೆ, ಕೈಖರ್ಚು ನಮ್ಮ ಮನೆ ಖರ್ಚಿನಲ್ಲೇ ಸೇರಿತು, 'ಕೊಟ್ಟದ್ದು' ಎಂದಾಗಲಿಲ್ಲ. ಊಟ, ನಿದ್ದೆ, ಮನೆಮದ್ದು ಅವರ ತೀರ್ಮಾನ. ಲಸಿಕೆ, ಶಾಲೆ, ಮೊಬೈಲ್ ನಮ್ಮದು. ನನ್ನ ತವರಿನವರನ್ನೂ ಇದೇ ಲೆಕ್ಕದಲ್ಲಿ ಕರೆಯಬೇಕೆಂದು ನಾನು ಹಟ ಹಿಡಿದೆ. ಆದರೆ ಅವರು ಚನ್ನಗಿರಿ ಕಡೆಯವರು, ಅಡಿಕೆ ಕೊಯ್ಲು ಶುರುವಾದರೆ ಮೊಮ್ಮಗನಿಗಿಂತ ಗೊನೆ ದೊಡ್ಡದು. ಹಿರಿಯರಿಗೂ ವೃತ್ತಿಯಿದೆ ಎನ್ನುವುದು ನೆನಪಿರಲಿ.

ದುಗ್ಗಮ್ಮನ ಜಾತ್ರೆಯ ವರ್ಷ ಬಂದರೆ ದಾವಣಗೆರೆಯ ಮನೆಗಳಿಗೆ ನೆಂಟರು ಮುಗಿಬೀಳುತ್ತಾರೆ. ಆ ವಾರಕ್ಕೆ ಇಬ್ಬರೂ ತಲಾ ಒಂದು ದಿನವಾದರೂ ರಜೆ ಹಾಕಿ. ಹೆಂಡತಿ ಮಾತ್ರ ಹಾಕಿದರೆ ಆಕೆಗೆ ಅದು ರಜೆಯಲ್ಲ.

ಹೆಜ್ಜೆ 6: ಹಣ

ಬ್ಯಾಂಕಿನವಳಾಗಿ ಇದನ್ನು ಚುಟುಕಾಗಿ ಹೇಳುತ್ತೇನೆ. ಖಾತೆ ಮೂರು ಇರಲಿ: ಅವರದು, ನಿಮ್ಮದು, ಮನೆಯದು. ಮನೆಯ ಖಾತೆ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎನ್ನುವ ಷರತ್ತಿನ ಜಂಟಿ ಖಾತೆಯಾಗಿರಲಿ, ಎಲ್ಲಕ್ಕೂ ನಾಮನಿರ್ದೇಶನ ಆಗಿರಲಿ. ಮನೆ ಖರ್ಚನ್ನು ಅರ್ಧರ್ಧ ಮಾಡಬೇಡಿ, ಸಂಬಳದ ಅನುಪಾತಕ್ಕೆ ಹಾಕಿ. ಒಬ್ಬರಿಗೆ 72,000, ಒಬ್ಬರಿಗೆ 48,000 ಸಂಬಳವಿದ್ದು ಮನೆ ಖರ್ಚು 45,000 ಇದ್ದರೆ, 27,000 ಮತ್ತು 18,000.

ಗಂಡ-ಹೆಂಡತಿ ಸೇರಿ ಒಂದೇ ಆದಾಯ ತೆರಿಗೆ ವಿವರ ಸಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ, ತಲೆಗೊಂದು ವಿವರ. 2025–26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಹೆಚ್ಚು ಸಂಬಳವಿದ್ದು ಇಬ್ಬರ ಹೆಸರಲ್ಲೂ ಮನೆ ಮತ್ತು ಗೃಹಸಾಲವಿರುವವರು, ಹಳೆಯ ಪದ್ಧತಿಯಲ್ಲಿ ತಲಾ ಎರಡು ಲಕ್ಷದವರೆಗೆ ಬಡ್ಡಿಯ ವಿನಾಯಿತಿ ಸಿಗುವುದರಿಂದ, ಎರಡನ್ನೂ ಹೋಲಿಸಿ ನೋಡಲಿ. ಕೌಂಟರಿನಲ್ಲಿ ನಾನು ವಾರಕ್ಕೊಮ್ಮೆ ಕೇಳುವ ಮಾತು: "ಹೆಂಡತಿ ಹೆಸರಲ್ಲಿ ಠೇವಣಿ ಇಟ್ಟರೆ ತೆರಿಗೆ ಉಳಿಯುತ್ತದಲ್ಲ ಮೇಡಂ?" ಉಳಿಯುವುದಿಲ್ಲ. ಗಂಡ ಕೊಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ.

ಹೆಜ್ಜೆ 7: ಮಾತು ನಿಂತಾಗ

ಎಲ್ಲ ಬರೆದಿಟ್ಟರೂ ಕೆಲವು ತಿಂಗಳು ಇಬ್ಬರಲ್ಲಿ ಮಾತೇ ಇರುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟರೆ, ಕೆಲಸಕ್ಕೆ ಹೊರಡುವಾಗ ಕಣ್ಣೀರು ಬಂದರೆ, ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಹೊಡೆತ ಬಡಿತ, ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ನಡೆದರೆ ಈ ಮಾರ್ಗದರ್ಶಿ ಬದಿಗಿಡಿ, ಮಹಿಳಾ ಸಹಾಯವಾಣಿ 181 ಅಥವಾ ತುರ್ತಿಗೆ 112 ಒತ್ತಿ.

ನೋಟ್‌ಬುಕ್ ವರ್ಷಕ್ಕೊಮ್ಮೆ ಹೊಸದು ಬೇಕು. ಬೇಸಿಗೆಯಲ್ಲಿ ವರ್ಗಾವಣೆ ಮತ್ತು ಶಾಲಾ ದಾಖಲಾತಿ ಒಟ್ಟಿಗೆ ಬರುವುದರಿಂದ ನಾವು ಫೆಬ್ರವರಿಯ ಒಂದು ಭಾನುವಾರ ಕೂರುತ್ತೇವೆ, ಮಗನೂ ಜೊತೆಗಿರುತ್ತಾನೆ. ಈ ಸಲ ನನಗೆ ಬಡ್ತಿಯ ಪರೀಕ್ಷೆಯಿದೆ. ಪಾಸಾದರೆ ಮೂರು ವರ್ಷ ಬೇರೆ ಜಿಲ್ಲೆ. ಪಾಸಾದರೆ ಮಗ ಅಪ್ಪನ ಜೊತೆ ಇಲ್ಲೇ, ನಾನು ಶನಿವಾರ ಸಂಜೆ ಬರುವುದು ಎಂದು ಬರೆದೆವು. ಮಗ ಪೆನ್ಸಿಲ್ ಕಸಿದುಕೊಂಡು ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿದ: 'ಅಪ್ಪ ದಿನಾ ಉಪ್ಪಿಟ್ಟು ಮಾಡಬಾರದು.' ಇಬ್ಬರೂ ಸಹಿ ಹಾಕಿದೆವು.